ಅಜ್ಜಿಯ ಕ್ರೋಶಾ ಕಡ್ಡಿಗೆ ವರ್ಷ ಎಷ್ಟು?

ಮಳೆಗಾಲ ಕಳೆಯಿತೆಂದರೆ ಪುತ್ತೂರು, ಸುಳ್ಯ, ಕಡಬದ ಕಡೆ ಹಂಚಿನ ಹಳೆ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವ ಕೆಲಸ ಶುರುವಾಗುತ್ತದೆ. ಆಗ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ತಾಮ್ರದ ಹಂಡೆ, ಕಂಚಿನ ಬಟ್ಟಲು, ಬೀಟೆಯ ಪೆಟ್ಟಿಗೆಗಳಿಗೆ ಬೇಗ ವಾರಸುದಾರರು ಸಿಗುತ್ತಾರೆ. ಅವುಗಳಿಗೆ ತೂಕವಿದೆ, ತೂಕಕ್ಕೆ ಬೆಲೆಯೂ ಇದೆ. ಯಾರೂ ಕೇಳದೆ ಉಳಿಯುವುದು ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಅರ್ಧ ಮುಗಿದ ಲೇಸು, ಹಳದಿಗಟ್ಟಿದ ನೂಲಿನ ಉಂಡೆ, ಒಂದೆರಡು ಗುಂಡಿ, ಜತೆಗೆ ತುದಿ ಬಾಗಿದ ನಾಲ್ಕಾರು ಸಪೂರ ಕಡ್ಡಿಗಳು.

‘ಇದು ಅಜ್ಜಿಯದ್ದು, ನೂರು ವರ್ಷ ಹಳತು’ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನೂರು ಎಂಬುದು ಲೆಕ್ಕವಲ್ಲ, ಗೌರವ. ಅಜ್ಜಿ ಹುಟ್ಟಿ ನೂರಾಗಿರಬಹುದು. ಆಕೆ ಆ ಕಡ್ಡಿಯನ್ನು ಕೊಂಡದ್ದು ನಲವತ್ತರ ಪ್ರಾಯದಲ್ಲಿ ಇರಬಹುದು. ಅಥವಾ ಆಕೆಗೂ ಅದು ತಾಯಿಯಿಂದ ಬಂದಿರಬಹುದು. ಹಾಗಾದರೆ ಕ್ರೋಶಾ ಕಡ್ಡಿಯ ಪ್ರಾಯ ಕಂಡುಹಿಡಿಯುವುದು ಹೇಗೆ?

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಡ್ಡಿ ಇಂಥದ್ದೇ ವರ್ಷದ್ದು ಎಂದು ಹೇಳಲು ಹೆಚ್ಚಿನ ಸಂದರ್ಭದಲ್ಲಿ ಸಾಧ್ಯವಾಗುವುದಿಲ್ಲ. ಆದರೆ ಜಾಗದ ಸರ್ವೆಯಲ್ಲಿ ಎರಡು ಕಡೆ ಗಡಿಕಲ್ಲು ನೆಟ್ಟ ಹಾಗೆ, ‘ಇದಕ್ಕಿಂತ ಮೊದಲಿನದಲ್ಲ’ ಎಂಬ ಒಂದು ಗಡಿ, ‘ಇದರಿಂದ ಈಚಿನದಲ್ಲ’ ಎಂಬ ಇನ್ನೊಂದು ಗಡಿ ಹಾಕಬಹುದು. ಮೊದಲನೆಯದನ್ನು ಕಡ್ಡಿಯೇ ಹೇಳುತ್ತದೆ. ಎರಡನೆಯದನ್ನು ಹೆಚ್ಚಾಗಿ ಮನೆ ಹೇಳಬೇಕು. ಮನೆಯ ಸಾಕ್ಷಿ ಕಳೆದುಹೋದರೆ ಜಗತ್ತಿನ ಯಾವ ಪರಿಣತರೂ ಅದನ್ನು ಮರಳಿ ತರಲಾರರು.

ಕ್ರೋಶಾದ್ದು ಹೌದೋ ಅಲ್ಲವೋ

ಬಾಗಿದ ತುದಿ ಇದ್ದದ್ದೆಲ್ಲ ಕ್ರೋಶಾ ಕಡ್ಡಿಯಲ್ಲ. ಈಗ ಮದುವೆ ರವಿಕೆಗಳಿಗೆ ಆರಿ ಕೆಲಸ ಮಾಡಿಸುವ ಹುಚ್ಚು ಹೆಚ್ಚಿರುವುದರಿಂದ ಆರಿ ಸೂಜಿಯೂ ಹೊಲಿಗೆ ಡಬ್ಬಿಗಳಲ್ಲಿ ಬೆರೆತಿರುತ್ತದೆ. ಆರಿಯ ತುದಿ ಚೂಪು. ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಅದು ಚುಚ್ಚಿ ದಾಟಬೇಕು. ಕ್ರೋಶಾ ಕಡ್ಡಿಯ ತಲೆ ಮೊಂಡು, ನಯ; ಅದು ಚುಚ್ಚುವುದಿಲ್ಲ, ಕುಣಿಕೆಯೊಳಗಿಂದ ನೂಲನ್ನು ಎಳೆಯುತ್ತದೆ. ಚಪ್ಪಲಿ ಹೊಲಿಯುವವರ ಕೊಕ್ಕೆಗೂ ಮರದ ಹಿಡಿ ಇರುತ್ತದೆ, ಆದರೆ ಅದರ ಕಬ್ಬಿಣ ದಪ್ಪ, ತುದಿ ಹರಿತ. ತುದಿಯನ್ನು ಅಂಗೈ ಮೇಲೆ ಮೆಲ್ಲನೆ ಎಳೆದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಆರಿ, ಕ್ರೋಶಾ ಎರಡೂ ದೂರದ ಸಂಬಂಧಿಗಳೇ. ಬಟ್ಟೆಯ ಮೇಲೆ ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ವಿದ್ಯೆ ಏಷ್ಯಾದಿಂದ 18ನೇ ಶತಮಾನದಲ್ಲಿ ಯುರೋಪಿಗೆ ಹೋಯಿತು. ಅಲ್ಲಿ ಬಟ್ಟೆಯನ್ನೇ ಬಿಟ್ಟು, ಬರೀ ನೂಲಿನಲ್ಲಿ ಹೆಣೆಯುವ ಕ್ರಮ ಬೆಳೆದು, 19ನೇ ಶತಮಾನದ ಮೊದಲರ್ಧದಲ್ಲಿ ಕ್ರೋಶಾ ಎನಿಸಿತು. ಐರ್ಲೆಂಡಿನಲ್ಲಿ 1845ರಿಂದ ಬಟಾಟೆ ಬೆಳೆ ಕೊಳೆತು ಕ್ಷಾಮ ಬಂದಾಗ ಕಾನ್ವೆಂಟುಗಳು ಈ ಹೆಣಿಗೆಯನ್ನು ಕಲಿಸಿ ಬಡ ಮನೆಗಳಿಗೆ ಊಟದ ದಾರಿ ಮಾಡಿಕೊಟ್ಟವು. ಹಾಗಾಗಿ ನಮ್ಮ ಅಟ್ಟದಲ್ಲಿ ಸಿಗುವ ಯಾವ ಕ್ರೋಶಾ ಕಡ್ಡಿಯನ್ನೂ ಇನ್ನೂರು ವರ್ಷಕ್ಕಿಂತ ಹಿಂದೆ ಎಳೆಯಲು ಆಗುವುದಿಲ್ಲ. ಗಡಿಕಲ್ಲುಗಳಲ್ಲಿ ಇದು ಮೊದಲನೆಯದು.

ಈ ಕಡೆ ಬಂದ ದಾರಿ

ಕರಾವಳಿಗೆ ಈ ವಿದ್ಯೆಯನ್ನು ತಂದದ್ದು ಮುಖ್ಯವಾಗಿ ಶಾಲೆಗಳು ಮತ್ತು ಕಾನ್ವೆಂಟುಗಳು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಶನರಿಗಳ ಹೆಂಡಂದಿರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನಷ್ಟೇ ಮುಖ್ಯ ಪಾಠ ಸೂಜಿ ಕೆಲಸ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಬಂದು ಸೈಂಟ್ ಆ್ಯನ್ಸ್ ಕಾನ್ವೆಂಟಿನಲ್ಲಿ ನೆಲೆಯಾದರು. 1887ರಲ್ಲಿ ಮಂಗಳೂರಿನಲ್ಲೇ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ ಹುಟ್ಟಿತು. ಇಂಥ ಕಡೆಗಳಲ್ಲಿ ಕಲಿತ ಹುಡುಗಿಯರು ಟೀಚರುಗಳಾಗಿ, ಸೊಸೆಯಂದಿರಾಗಿ ಘಟ್ಟದ ಬುಡದ ಊರುಗಳಿಗೆ ಬಂದಾಗ ಕಡ್ಡಿಯೂ ಜತೆಗೆ ಬಂತು. ದೇವರ ಪೀಠದ ಬಟ್ಟೆಗೆ ಲೇಸು, ಮಗುವಿನ ಜ್ಞಾನಸ್ನಾನಕ್ಕೆ ಅಂಗಿ, ಟೊಪ್ಪಿ ಹೀಗೆ ಕ್ರೈಸ್ತ ಮನೆಗಳಲ್ಲಿ ಅದಕ್ಕೆ ಬಿಡುವಿಲ್ಲದ ಕೆಲಸವಿತ್ತು.

ಮಂಗಳೂರು, ಪುತ್ತೂರು ಇರುವ ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದರಾಸಿಗೆ ಸೇರಿತ್ತು. ಮದರಾಸು ಸರಕಾರದ ತಾಂತ್ರಿಕ ಪರೀಕ್ಷೆಗಳಲ್ಲಿ ಹೊಲಿಗೆಯೂ ಒಂದು ವಿಷಯ. ಅದನ್ನು ಪಾಸು ಮಾಡಿದವರಿಗೆ ‘ಹೊಲಿಗೆ ಟೀಚರ್’ ಕೆಲಸಕ್ಕೆ ದಾರಿಯಾಗುತ್ತಿತ್ತು. ಸ್ವಾತಂತ್ರ್ಯದ ನಂತರ ಎರಡನೆಯ ಅಲೆ ಬಂತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಇವುಗಳ ಬೆಂಬಲದಿಂದ ಬೆಳೆದ ಮಹಿಳಾ ಮಂಡಲಗಳ ಹೊಲಿಗೆ ತರಗತಿಗಳಿಂದ ಕ್ರೋಶಾ ಜಾತಿ ಧರ್ಮದ ಗೆರೆ ದಾಟಿ ಎಲ್ಲರ ಜಗಲಿಗೂ ಬಂತು. ಬಾಗಿಲ ತೋರಣ, ರೇಡಿಯೋದ ಮೇಲಿನ ಹೊದಿಕೆ, ಆಮೇಲೆ ಟೀವಿಯ ಹೊದಿಕೆ, ಟೀಪಾಯಿಯ ಬಟ್ಟೆ ಎಲ್ಲ ಅದರ ಫಲ. ಮೂರನೆಯ ಅಲೆ ಮುಂಬೈಗೆ, ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲಿ ಬಂತು.

ನಿಮ್ಮ ಮನೆಯ ಕಡ್ಡಿ ಈ ಮೂರರಲ್ಲಿ ಯಾವ ಅಲೆಯಲ್ಲಿ ಬಂದಿರಬಹುದು? ಅಷ್ಟು ಊಹಿಸಿದರೂ ಅರ್ಧ ಕೆಲಸವಾಯಿತು.

ಕೆತ್ತಿದ ಅಕ್ಷರಗಳ ಸಾಕ್ಷಿ

ಈಗ ಕಡ್ಡಿಯನ್ನೇ ಕೈಗೆತ್ತಿಕೊಳ್ಳಿ. ಹೆಬ್ಬೆರಳು ಕೂರುವ ಜಾಗ ತುಸು ಚಪ್ಪಟೆಯಾಗಿದ್ದರೆ ಅಕ್ಷರಗಳಿರುವುದು ಅಲ್ಲೇ. ದಶಕಗಳ ಬೆವರು, ಎಣ್ಣೆ ಕೂತು ಮಾಸಿರುತ್ತವೆ. ಮೆತ್ತಗಿನ ಒಣಬಟ್ಟೆಯಿಂದ ಒರೆಸಿ, ಬೆಳಕನ್ನು ಓರೆಯಾಗಿ ಬೀಳಿಸಿ, ಭೂತಗನ್ನಡಿಯಲ್ಲೋ ಮೊಬೈಲ್ ಕ್ಯಾಮೆರಾದಲ್ಲೋ ನೋಡಬೇಕು. ಮರಳು ಕಾಗದ ಹಾಕಿ ಉಜ್ಜಿದರೆ ತುಕ್ಕಿನ ಜತೆ ಸಾಕ್ಷಿಯೂ ಹೋಗುತ್ತದೆ.

ಮೊದಲು ನೋಡಬೇಕಾದದ್ದು ದೇಶದ ಹೆಸರು. ಬ್ರಿಟನ್ನಿನ 1887ರ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆ, ಅದರ ಬೆನ್ನಿಗೆ ಭಾರತದಲ್ಲಿ ಬಂದ 1889ರ ಕಾಯ್ದೆ, ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಇವುಗಳ ನಂತರ ಸರಕಿನ ಮೇಲೆ ತಯಾರಾದ ದೇಶವನ್ನು ಕಾಣಿಸುವುದು ರೂಢಿಯಾಯಿತು. ಆದ್ದರಿಂದ ‘ಇಂಗ್ಲೆಂಡ್’ ಎಂದು ಕೆತ್ತಿದ ಕಡ್ಡಿ ಹೆಚ್ಚಾಗಿ 1890ರ ದಶಕದಿಂದ ಈಚಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ ಲೆಕ್ಕ ಇನ್ನೂ ಸುಲಭ: ಆ ಹೆಸರಿನ ದೇಶ ಇದ್ದದ್ದು 1949ರಿಂದ 1990ರವರೆಗೆ ಮಾತ್ರ. ‘ಆಕ್ಯುಪೈಡ್ ಜಪಾನ್’ ಎಂಬ ಗುರುತು ಸಿಕ್ಕರೆ ಅದು ಎರಡನೇ ಮಹಾಯುದ್ಧದ ನಂತರ, 1952ರಲ್ಲಿ ಅಮೆರಿಕದ ಆಡಳಿತ ಮುಗಿಯುವುದರೊಳಗಿನದು.

ಆಮೇಲೆ ಕಂಪನಿಯ ಹೆಸರು. ಹಳೆ ಇಂಗ್ಲಿಷ್ ಕಡ್ಡಿಗಳು ಹೆಚ್ಚಿನವು ರೆಡಿಚ್ ಎಂಬ ಊರಿನ ಸುತ್ತಿನವು. ಒಂದು ಕಾಲಕ್ಕೆ ಜಗತ್ತಿನ ಸೂಜಿಗಳಲ್ಲಿ ಬಹುಪಾಲು ಅಲ್ಲಿಂದ ಹೊರಡುತ್ತಿತ್ತು. ಮಿಲ್‌ವರ್ಡ್, ‘ಏರೋ’ ಹೆಸರಿನ ಕಡ್ಡಿ ಮಾಡುತ್ತಿದ್ದ ಏಬಲ್ ಮೊರಲ್ ಇವೆರಡೂ ಆ ಊರಿನವು. ‘ಸ್ಟ್ರಾಟ್ನಾಯ್ಡ್’ ಪಕ್ಕದ ಬರ್ಮಿಂಗ್‌ಹ್ಯಾಮಿನದು. ಅಮೆರಿಕದ್ದಾದರೆ ಶಿಕಾಗೋದ ಬಾಯ್, ಕನೆಕ್ಟಿಕಟ್‌ನ ಬೇಟ್ಸ್, ಜರ್ಮನಿಯದ್ದಾದರೆ ಪ್ರಿಮ್, ಜಪಾನಿನದ್ದಾದರೆ ಹಿರೋಶಿಮಾದಲ್ಲಿ 1948ರಲ್ಲಿ ಶುರುವಾದ ಟ್ಯುಲಿಪ್.

ಇಲ್ಲೊಂದು ಹೊಂಡವಿದೆ. ಮಿಲ್‌ವರ್ಡ್ ಹುಟ್ಟಿದ್ದು 1730ರಲ್ಲಿ. ಪ್ರಿಮ್ 1530ರ ತನ್ನ ಮೂಲವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಲಕೋಟೆಯ ಮೇಲೆ ಆ ವರ್ಷ ಕಂಡು ‘ನಮ್ಮ ಮನೆಯ ಕಡ್ಡಿ ಟಿಪ್ಪುವಿಗಿಂತ ಹಳತು’ ಎಂದು ಕುಣಿಯಬಾರದು. ಅದು ಕಂಪನಿಯ ಜನ್ಮವರ್ಷ. ಪೇಟೆಂಟ್ ವರ್ಷವೂ ಹಾಗೆಯೇ. ಪೇಟೆಂಟ್ ಸಿಕ್ಕ ಮೇಲೂ ಅದೇ ಅಚ್ಚಿನಲ್ಲಿ ವರ್ಷಗಟ್ಟಲೆ ಮಾಲು ಬರುತ್ತಿತ್ತು. ಇನ್ನು ‘18’ ಎಂದೋ ‘60’ ಎಂದೋ ಇರುವ ಅಂಕೆ ಇಸವಿಯೇ ಅಲ್ಲ, ಅಳತೆ.

ನಮ್ಮ ಕಡೆಯ ಡಬ್ಬಿಗಳಲ್ಲಿ ಧಾರಾಳವಾಗಿ ಸಿಗುವ ಹೆಸರು ‘ಪೋನಿ’. ಅದರ ಕತೆ ದೂರದ್ದಲ್ಲ, ನೀಲಗಿರಿಯದು. ರೆಡಿಚ್‌ಗೆ ತಾಗಿದಂತಿರುವ ಸ್ಟಡ್ಲಿ ಊರಿನ ಇಂಗ್ಲಿಷ್ ಸೂಜಿ ಕಂಪನಿ ಭಾರತದಲ್ಲಿ ತನ್ನ ಅಂಗಸಂಸ್ಥೆಯಾಗಿ ‘ನೀಡಲ್ ಇಂಡಸ್ಟ್ರೀಸ್ (ಇಂಡಿಯಾ)’ಯನ್ನು ನೋಂದಾಯಿಸಿದ್ದು 1949ರ ಜುಲೈ 20ರಂದು, ಕಾರ್ಖಾನೆ ಊಟಿಯ ಹತ್ತಿರದ ಕೇತ್ತಿಯ ಕಡೆ. ನಮಗೆ ಬೇಕಾದದ್ದು ಇಷ್ಟೇ: ಈ ಕಂಪನಿಯ ಕಡ್ಡಿ 1949ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಮುತ್ತಜ್ಜಿ 1940ರಲ್ಲಿ ತೀರಿಕೊಂಡಿದ್ದರೆ ‘ಪೋನಿ’ ಎಂದು ಕೆತ್ತಿದ ಕಡ್ಡಿ ಆಕೆಯದ್ದಲ್ಲ, ಆಕೆಯ ಮಗಳದ್ದೋ ಸೊಸೆಯದ್ದೋ.

ಕಬ್ಬಿಣ, ಎಲುಬು, ಪ್ಲಾಸ್ಟಿಕ್

ಅಕ್ಷರವೇ ಇಲ್ಲದ ಕಡ್ಡಿಗಳೂ ಬೇಕಾದಷ್ಟಿವೆ. ಆಗ ವಸ್ತುವನ್ನು ಕೇಳಬೇಕು.

ಎಲುಬಿನ ಕಡ್ಡಿಯಲ್ಲಿ ಭೂತಗನ್ನಡಿ ಹಿಡಿದರೆ ಉದ್ದಕ್ಕೆ ಸಣ್ಣ ಕಪ್ಪು ಗೀರುಗಳು, ಚುಕ್ಕಿಗಳು ಕಾಣುತ್ತವೆ. ಅವು ಜೀವಂತ ಎಲುಬಿನಲ್ಲಿ ರಕ್ತನಾಳ ಹಾದುಹೋದ ದಾರಿಗಳು. ಆನೆಯ ದಂತದಲ್ಲಿ ಆ ಚುಕ್ಕಿಗಳಿರುವುದಿಲ್ಲ. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ನವುರಾದ ಗೆರೆಗಳಿರುತ್ತವೆ. ಇವೆರಡೂ 19ನೇ ಶತಮಾನದಲ್ಲಿ, 20ನೆಯದರ ಆರಂಭದಲ್ಲಿ ಹೆಚ್ಚು ಬಳಕೆಯಲ್ಲಿದ್ದವು. ದಂತದ್ದೆಂದು ಕಂಡರೆ ಮಾರಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1986 ಮತ್ತು 1991ರ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ಅಪರಾಧ. ಅರಣ್ಯ ಇಲಾಖೆಯವರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು.

ಬಣ್ಣದ, ಹೊಳಪಿನ, ಹಗುರ ಕಡ್ಡಿಯಾದರೆ ಹಳೆ ಪ್ಲಾಸ್ಟಿಕ್ ಇರಬಹುದು. ಸೆಲ್ಯುಲಾಯ್ಡ್ 1870ರ ದಶಕದ್ದು. ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಏಕೆಂದರೆ ಅದನ್ನು ತಯಾರಿಸುವುದೇ ಕರ್ಪೂರ ಸೇರಿಸಿ. ಹಾಲಿನ ಕೇಸೀನಿನಿಂದ ಮಾಡುವ ಪ್ಲಾಸ್ಟಿಕ್ 19ನೇ ಶತಮಾನದ ಕೊನೆಗೆ ಬಂತು. ಬೇಕಲೈಟ್ 1907ರದು. ಕೆಲವರು ಕಾಯಿಸಿದ ಸೂಜಿ ತಾಗಿಸಿ ಪರೀಕ್ಷಿಸುತ್ತಾರೆ. ಅದು ಬೇಡ. ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುವ ವಸ್ತು. ಹಳತಾದ ಸೆಲ್ಯುಲಾಯ್ಡ್ ತಾನೂ ಕೆಟ್ಟು ಆಮ್ಲದ ಆವಿ ಬಿಡುತ್ತದೆ. ಅದೇ ಡಬ್ಬಿಯ ಉಕ್ಕಿನ ಕಡ್ಡಿಗಳಿಗೆ ಅದರಿಂದಲೇ ತುಕ್ಕು ಹಿಡಿಯುತ್ತದೆ. ಅಂಥದ್ದನ್ನು ಬೇರೆಯಾಗಿ, ಗಾಳಿಯಾಡುವ ಹಾಗೆ ಇಡಬೇಕು.

ಲೋಹಕ್ಕೆ ಒಂದು ಅಯಸ್ಕಾಂತ ಸಾಕು. ಅಂಟಿದರೆ ಉಕ್ಕು. ಅಂಟದೆ ಹಗುರವಾಗಿ ಬೂದು ಬಣ್ಣದಲ್ಲಿದ್ದರೆ ಅಲ್ಯುಮಿನಿಯಂ. ಅದನ್ನು ಅಗ್ಗವಾಗಿ ತೆಗೆಯುವ ವಿಧಾನ ಸಿಕ್ಕಿದ್ದು 1886ರಲ್ಲಿ. ಹೆಣಿಗೆಯ ಕಡ್ಡಿಗಳಲ್ಲಿ ಅದು ಎಲ್ಲೆಲ್ಲೂ ಕಾಣಿಸಿಕೊಂಡದ್ದು ಎರಡು ಮಹಾಯುದ್ಧಗಳ ನಡುವೆ. ಅಲ್ಯುಮಿನಿಯಂ ಮೇಲೆ ಕೆಂಪು, ನೀಲಿ, ಚಿನ್ನದ ಬಣ್ಣ ಒಳಗೇ ಇಳಿದಂತೆ ಇದ್ದರೆ ಅದು ಇನ್ನೂ ಈಚಿನದು. ಉಕ್ಕಿನ ಮೇಲಿನ ಲೇಪ ತುಸು ಹಳದಿ ಛಾಯೆಯದಾದರೆ ನಿಕಲ್. ಇದು 19ನೇ ಶತಮಾನದಲ್ಲೇ ಇತ್ತು. ನೀಲಿ ಛಾಯೆಯ ಕನ್ನಡಿ ಹೊಳಪಾದರೆ ಕ್ರೋಮಿಯಂ. ಇದು ವ್ಯಾಪಾರಕ್ಕೆ ಬಂದದ್ದು 1920ರ ದಶಕದಲ್ಲಿ. ಭಾರವಿದ್ದೂ ಅಯಸ್ಕಾಂತಕ್ಕೆ ಅಂಟದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಬಗೆ ಇರಬಹುದು. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸ್ಟೇನ್‌ಲೆಸ್ ಉಕ್ಕು ಮಾಡಿದ್ದು 1913ರಲ್ಲಿ.

ತುಕ್ಕನ್ನು ಮಾತ್ರ ನಂಬಬೇಡಿ. ಬಳ್ಳಾರಿಯ ಒಣ ಹವೆಯಲ್ಲಿ ತುಕ್ಕು ಪ್ರಾಯದ ಗುರುತಾದೀತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಎರಡು ಮಳೆಗಾಲದ ಆಟಿ ತಿಂಗಳು ದಾಟಿದರೆ ಹೊಸ ಕಡ್ಡಿಯೂ ಅಜ್ಜಿಯ ಕಡ್ಡಿಯ ಹಾಗೆಯೇ ಕಾಣುತ್ತದೆ. ಕೈಬಳಕೆಯಲ್ಲಿದ್ದ ನಿಜವಾದ ಹಳೆ ಕಡ್ಡಿ ಎಷ್ಟೋ ಸಲ ಹೊಸದಕ್ಕಿಂತ ಚೊಕ್ಕ. ಬೆರಳು ಉಜ್ಜಿದ ಜಾಗದಲ್ಲಿ ಲೇಪ ಸವೆದು, ಕೊಕ್ಕೆಯ ಒಳಬದಿ ನೂಲು ಹರಿದು ಹರಿದು ನುಣ್ಣಗಾಗಿರುತ್ತದೆ. ನೋಡಬೇಕಾದದ್ದು ತುಕ್ಕನ್ನಲ್ಲ, ಸವೆತವನ್ನು.

ಕೊಕ್ಕೆ ಮಾಡಿದ ರೀತಿಯೂ ಮಾತಾಡುತ್ತದೆ. ಕೈಯಲ್ಲಿ ಅರ ಹಾಕಿ ಕೊರೆದ ಕೊಕ್ಕೆಗಳು ಒಂದರಂತೆ ಒಂದಿರುವುದಿಲ್ಲ. ಯಂತ್ರದವು ಎಲ್ಲ ಒಂದೇ. ಆದರೆ ಕೈಯಲ್ಲಿ ಮಾಡಿದ್ದೆಲ್ಲ ಪುರಾತನ ಎಂದೂ ಅಲ್ಲ. ಅಂಗಡಿಯದ್ದು ಸಿಗದಿದ್ದಾಗ ಸೈಕಲ್ಲಿನ ಕಡ್ಡಿಯನ್ನೇ ಅರ ಹಾಕಿ ಕೊಕ್ಕೆ ಮಾಡಿಕೊಳ್ಳುವುದುಂಟು. ಹಿಂತುದಿಯಲ್ಲಿ ನಟ್ಟು ತಿರುಗಿಸುವ ಸುತ್ತುಗೆರೆ ಉಳಿದಿದ್ದರೆ ಅದು ಚಕ್ರದಿಂದ ಬಂದದ್ದು. ಕೊಡೆಯ ಕಡ್ಡಿಯಾದರೆ ಉದ್ದಕ್ಕೂ ತೋಡಿನಂಥ ಗೆರೆಯಿರುತ್ತದೆ. ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲಿ ಇಂಗ್ಲೆಂಡಿನಲ್ಲಿ ತಂದ ವಿನ್ಯಾಸ ಅದು. ಇಂಥ ಕಡ್ಡಿಗೆ ಅಂಗಡಿಯಲ್ಲಿ ಬೆಲೆಯಿಲ್ಲ. ಮನೆತನದ ಲೆಕ್ಕದಲ್ಲಿ ಇಂಗ್ಲೆಂಡಿನದಕ್ಕಿಂತ ಇದೇ ಮೇಲು.

ನಂಬರೋ ಮಿಲಿಮೀಟರೋ

ಹಳೆ ಉಕ್ಕಿನ ಕಡ್ಡಿಗಳಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಪೂರ. ಇಂಗ್ಲೆಂಡಿನ ನಂಬರು, ಅಮೆರಿಕದ ನಂಬರು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ನಂಬರಿನಿಂದ ವರ್ಷ ಹೇಳಲಾಗದು. ಆದರೆ ಅಳತೆಯ ಪದ್ಧತಿಯಿಂದ ಹೇಳಬಹುದು. ಬ್ರಿಟನ್ನಿನ ಹೆಣಿಗೆ ಕಡ್ಡಿಗಳು ಮಿಲಿಮೀಟರಿಗೆ ತಿರುಗಿದ್ದು 1970ರ ಆಸುಪಾಸಿನಲ್ಲಿ. ‘ಇಂಗ್ಲೆಂಡ್’ ಎಂದಿದ್ದು, ಬರೀ ನಂಬರು ಇದ್ದರೆ ಅದಕ್ಕೆ ಮೊದಲಿನದು. ಮಿಲಿಮೀಟರೂ ಇದ್ದರೆ ಆ ಕಾಲದ್ದು ಅಥವಾ ಈಚಿನದು ಎಂದು ಹಿಡಿಯಬಹುದು. ಭಾರತದಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಜರ್ಮನಿ ಬಹಳ ಮೊದಲೇ ಮೆಟ್ರಿಕ್‌ಗೆ ತಿರುಗಿದ್ದರಿಂದ ಅಲ್ಲಿಯದಕ್ಕೆ ಈ ಸೂತ್ರ ಹಾಕಬಾರದು.

ಡಬ್ಬಿಯ ಉಳಿದ ಸಾಮಾನು

ಕಡ್ಡಿ ತೆಗೆದುಕೊಂಡು ಡಬ್ಬಿ ಬಿಸಾಡುವವರೇ ಹೆಚ್ಚು. ಒಳ್ಳೆಯ ಸಾಕ್ಷಿಗಳೆಲ್ಲ ಇರುವುದು ಡಬ್ಬಿಯಲ್ಲಿ.

ನೂಲಿನ ಲೇಬಲಿನಲ್ಲಿ ಬೆಲೆಯಿದ್ದರೆ ನೋಡಿ. ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮೊದಲಿನದು. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರೊಳಗಿನದು. ಬರೀ ಪೈಸೆಯಾದರೆ ಆಮೇಲಿನದು. ‘ಮದುರಾ ಕೋಟ್ಸ್’ ಎಂಬ ಹೆಸರಿದ್ದರೆ 1974ರ ನಂತರದ್ದು. ಮದುರೆಯ ಹಾರ್ವೆ ಸಹೋದರರ ಗಿರಣಿ ಮತ್ತು ಸ್ಕಾಟ್ಲೆಂಡಿನ ಜೆ. ಅಂಡ್ ಪಿ. ಕೋಟ್ಸ್ ಒಂದಾದದ್ದು ಆ ವರ್ಷ. ಅಂಗಡಿಯ ಚೀಟಿಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ. ನಮ್ಮ ಜಿಲ್ಲೆಯ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ನಡುವೆ. 890ರಿಂದ ಶುರುವಾಗುವ ಬಾರ್‌ಕೋಡ್ ಇದ್ದರೆ ಅದು 1990ರ ದಶಕದಿಂದ ಈಚಿನ ಭಾರತೀಯ ಮಾಲು. ಕಡಬ ಸ್ವಂತ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ವಿಳಾಸದಲ್ಲಿ ‘ಪುತ್ತೂರು ತಾಲ್ಲೂಕು, ಕಡಬ’ ಎಂದಿದ್ದರೆ ಅದಕ್ಕೆ ಮೊದಲಿನದು.

ಡಬ್ಬಿಯ ತಳಕ್ಕೆ ಹಾಸಿದ ಪತ್ರಿಕೆಯ ತುಂಡನ್ನೂ ಬಿಸಾಡಬೇಡಿ. ದಿನಾಂಕ ಹರಿದುಹೋಗಿದ್ದರೂ ಪತ್ರಿಕೆಯ ಹೆಸರಿನಿಂದ ‘ಇದಕ್ಕಿಂತ ಮೊದಲಿನದಲ್ಲ’ ಎಂಬ ಗಡಿ ಸಿಗುತ್ತದೆ: ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ 1938ರಿಂದ, ಮಂಗಳೂರಿನ ‘ನವಭಾರತ’ 1941ರಿಂದ, ‘ಪ್ರಜಾವಾಣಿ’ 1948ರಿಂದ, ‘ಉದಯವಾಣಿ’ 1970ರಿಂದ. ಆದರೆ ಪತ್ರಿಕೆ ಹೇಳುವುದು ಡಬ್ಬಿಗೆ ಕಾಗದ ಹಾಸಿದ ಕಾಲವನ್ನು. ಹೊಸ ಪತ್ರಿಕೆಯ ಮೇಲೆ ಹಳೆ ಕಡ್ಡಿ ಮಲಗಿರಬಾರದೆಂದೇನಿಲ್ಲ.

ಲೇಸನ್ನೂ ನೋಡಿ. ಕ್ರೋಶಾದ ನಿಜವಾದ ಹೆಣಿಗೆಯನ್ನು ಮಾಡುವ ಯಂತ್ರ ಇನ್ನೂ ವ್ಯಾಪಾರಕ್ಕೆ ಬಂದಿಲ್ಲ. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಶನರಿಗಳಿಂದ ಬೇರೂರಿ, 2024ರಲ್ಲಿ ಭೌಗೋಳಿಕ ಗುರುತು ಪಡೆದ ಕ್ರೋಶಾ ಲೇಸು ಕೂಡ ಸಾವಿರಾರು ಹೆಂಗಸರ ಕೈಯಿಂದಲೇ ಬರುತ್ತದೆ. ಹಾಗಾಗಿ ಡಬ್ಬಿಯಲ್ಲಿರುವುದು ನಿಜವಾದ ಕ್ರೋಶಾ ಲೇಸಾದರೆ ಅದು ಯಾರದೋ ಕೈಯದೇ. ಅದರ ಕುಣಿಕೆಯೊಳಗೆ ಕಡ್ಡಿ ಸರಿಯಾಗಿ ಕೂತರೆ ಆ ಲೇಸಿಗೆ ಅದೇ ಕಡ್ಡಿ ಬಳಸಿರುವ ಸಾಧ್ಯತೆ ಬಲವಾಗುತ್ತದೆ.

ಬಾಯಿಮಾತಿಗೆ ಇಸವಿ ಕಟ್ಟುವುದು

ಎಂಬತ್ತು ದಾಟಿದವರೊಡನೆ ‘ಇಸವಿ ಎಷ್ಟು?’ ಎಂದು ಕೇಳಿದರೆ ‘ಯಾರಿಗೆ ಗೊತ್ತು ಮಗಾ’ ಎನ್ನುತ್ತಾರೆ. ಕೇಳುವ ಕ್ರಮ ಬೇರೆ. ‘ದೊಡ್ಡಮ್ಮ, ಇದು ನಿಮ್ಮ ಮದುವೆಗೆ ಮೊದಲು ಇತ್ತಾ, ಮತ್ತೆ ತೆಗೆದದ್ದಾ? ಉಪ್ಪಿನಂಗಡಿಗೆ ದೊಡ್ಡ ಬೊಳ್ಳ ಬಂದಾಗ ಇತ್ತಾ?’ ಹೀಗೆ ಕೇಳಿದರೆ ಉತ್ತರ ಬರುತ್ತದೆ. ನೇತ್ರಾವತಿ, ಕುಮಾರಧಾರಾ ಸೇರುವ ಉಪ್ಪಿನಂಗಡಿಯವರು 1974ರ ನೆರೆಯನ್ನು ಮರೆಯಲಿಕ್ಕಿಲ್ಲ. ಅದಕ್ಕಿಂತ ಹಿಂದಿನ 1923ರ ನೆರೆಯ ಕತೆಯನ್ನು ಅವರು ಹಿರಿಯರಿಂದ ಕೇಳಿರುತ್ತಾರೆ. ಪುತ್ತೂರಿನವರಿಗೆ ಮಂಗಳೂರು-ಹಾಸನ ರೈಲು ದಾರಿ ಪೂರ್ತಿಯಾದ 1979, ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ಶುರುವಾದ 1986 ಎರಡೂ ಗುರುತಿನ ವರ್ಷಗಳು. ಯಾವ ಅಂಗಡಿಯಿಂದ ಬಂತು, ಸೋಮವಾರದ ಸಂತೆಯಿಂದಲೋ ಮಂಗಳೂರಿನಿಂದಲೋ, ಕಲಿಸಿದ ಟೀಚರ್ ಯಾರು, ಮೊದಲು ಹೆಣೆದದ್ದು ಏನು ಎಂಬ ಪ್ರಶ್ನೆಗಳು ನೆನಪನ್ನು ಎಳೆದು ತರುತ್ತವೆ.

ನೆನಪಿಗೆ ಕಾಗದದ ಬೆಂಬಲವೂ ಸಿಗಬಹುದು. ‘ನನ್ನ ದೊಡ್ಡ ಮಗನ ಜ್ಞಾನಸ್ನಾನದ ಟೊಪ್ಪಿ ಇದರಲ್ಲೇ ಹೆಣೆದದ್ದು’ ಎಂದರೆ ಆ ದಿನಾಂಕ ಚರ್ಚಿನ ದಾಖಲೆ ಪುಸ್ತಕದಲ್ಲಿ ಇರುತ್ತದೆ. ಪುತ್ತೂರಿನ ಮಾಯಿದೆ ದೇವುಸ್ ಚರ್ಚಿನಂಥ ಹಳೆ ಇಗರ್ಜಿಗಳಲ್ಲಿ ತಲೆಮಾರುಗಳ ಲೆಕ್ಕವಿದೆ. ‘ಆರನೇ ಕ್ಲಾಸಿನಲ್ಲಿ ಕಲಿತದ್ದು’ ಎಂದರೆ ಶಾಲೆಯ ದಾಖಲಾತಿ ಪುಸ್ತಕವಿದೆ. ಹೊಲಿಗೆ ಪರೀಕ್ಷೆಯ ಸರ್ಟಿಫಿಕೇಟ್ ಗೋಡೆಯಲ್ಲೇ ತೂಗುತ್ತಿರಬಹುದು. ‘ಇದರಿಂದ ಈಚಿನದಲ್ಲ’ ಎಂಬ ಎರಡನೆಯ ಗಡಿಕಲ್ಲು ಸಿಗುವುದು ಇಂಥಲ್ಲೇ.

ಒಂದು ಡಬ್ಬಿಯ ಲೆಕ್ಕ

ಉದಾಹರಣೆಗೆ ಒಂದು ಡಬ್ಬಿಯನ್ನು ಕಲ್ಪಿಸಿಕೊಳ್ಳಿ. ಒಳಗೆ ನಾಲ್ಕು ಕಡ್ಡಿಗಳು. ಒಂದನೆಯದು ಅಕ್ಷರವಿಲ್ಲದ ಎಲುಬಿನದು. ಎರಡನೆಯದು ‘ಮಿಲ್‌ವರ್ಡ್, ಇಂಗ್ಲೆಂಡ್’ ಎಂದಿರುವ, ನಿಕಲ್ ಲೇಪದ, ಬರೀ ನಂಬರಿನ ಉಕ್ಕಿನ ಕಡ್ಡಿ. ಮೂರನೆಯದು ಬೂದು ಅಲ್ಯುಮಿನಿಯಂನ ‘ಏರೋ’. ನಾಲ್ಕನೆಯದು ಮಿಲಿಮೀಟರ್ ಅಳತೆಯ ‘ಪೋನಿ’. ಜತೆಗೆ ನಯೇ ಪೈಸೆಯ ಬೆಲೆಯಿರುವ ಒಂದು ನೂಲಿನ ಉಂಡೆ. ಮನೆಯವರ ಮಾತು ಇಷ್ಟು: ಅಜ್ಜಿ ಮದುವೆಯಾಗಿ ಬಂದದ್ದು 1938ರಲ್ಲಿ, ಬರುವಾಗ ‘ಬಿಳಿ ಕಡ್ಡಿ’ ತಂದಿದ್ದರು.

‘ನಯೇ ಪೈಸೆ ಇದೆ, ಹಾಗಾದರೆ ಎಲ್ಲವೂ 1960ರ ಹೊತ್ತಿನವು’ ಎಂದು ತೀರ್ಮಾನಿಸಿದರೆ ತಪ್ಪು. ಆ ಲೇಬಲು ಹೇಳುವುದು ನೂಲಿನ ಪ್ರಾಯವನ್ನು. ಆ ಹೊತ್ತಿಗೆ ಅಜ್ಜಿ ಹೆಣೆಯುತ್ತಿದ್ದರು ಎಂಬುದನ್ನು. ಒಂದೊಂದು ಕಡ್ಡಿಯನ್ನೂ ಬೇರೆಯಾಗಿ ವಿಚಾರಿಸಬೇಕು. ಎಲುಬಿನದು 1938ಕ್ಕೆ ಮೊದಲಿನದೆಂದು ಬಾಯಿಮಾತು ಹೇಳುತ್ತದೆ, ವಸ್ತು ಅದನ್ನು ಒಪ್ಪುತ್ತದೆ. ಮೊದಲ ಗಡಿ ಮಾತ್ರ ಸಡಿಲ. ಮಿಲ್‌ವರ್ಡ್ 1890ರಿಂದ ಸುಮಾರು 1970ರೊಳಗಿನದು. ಏರೋ ಮಹಾಯುದ್ಧಗಳ ನಡುವಿನಿಂದ ಈಚಿನದು. ಪೋನಿ 1949ರ ನಂತರದ್ದು; ಮಿಲಿಮೀಟರ್ ಇರುವುದರಿಂದ 1956ಕ್ಕಿಂತಲೂ ಈಚಿನದೆಂಬ ಊಹೆಗೆ ಬಲವಿದೆ. ಒಂದೇ ಡಬ್ಬಿಯಲ್ಲಿ ಒಬ್ಬಳೇ ಹೆಂಗಸಿನ ದಶಕಗಳ ಕೆಲಸ, ಅದೂ ನಾಲ್ಕು ಕಂತಿನಲ್ಲಿ ಕೂಡಿದ್ದು.

ಸೂತ್ರ ಸರಳ. ಒಂದು ಕಡ್ಡಿಯ ಮೈಮೇಲೆ ಎಷ್ಟೇ ಹಳೆಯ ಗುರುತುಗಳಿರಲಿ, ಲೆಕ್ಕಕ್ಕೆ ಬರುವುದು ಅವುಗಳಲ್ಲಿ ಅತಿ ಈಚಿನದು. ನಿಕಲ್ ಲೇಪವಿದ್ದು ‘ವೆಸ್ಟ್ ಜರ್ಮನಿ’ ಎಂದಿದ್ದರೆ 19ನೇ ಶತಮಾನದ ಮಾತು ಬಿಟ್ಟುಬಿಡಿ.

ಬೆಲೆಯ ಪ್ರಶ್ನೆಯೂ ಬರುತ್ತದೆ. ಉಕ್ಕಿನ, ಅಲ್ಯುಮಿನಿಯಂನ ಸಾಮಾನ್ಯ ಕಡ್ಡಿಗಳು ಕೋಟಿಗಟ್ಟಲೆ ತಯಾರಾದವು. ಹಳತಾದ ಮಾತ್ರಕ್ಕೆ ಅವುಗಳಿಂದ ಹಣ ಬರುವುದಿಲ್ಲ. ಇಟ್ಟುಕೊಳ್ಳುವುದಾದರೆ ಒರೆಸಿ, ಹೊಲಿಗೆ ಮಿಶಿನ್ನಿನ ಎಣ್ಣೆ ಒಂದು ಹನಿ ಸವರಿ, ಮಳೆಗಾಲಕ್ಕೆ ಮೊದಲು ಒಣ ಬಟ್ಟೆಯಲ್ಲಿ ಸುತ್ತಿಡಿ. ಎಲುಬಿನದಕ್ಕೆ ಎಣ್ಣೆಯೂ ಬೇಡ, ನೀರೂ ಬೇಡ. ಉಕ್ಕಿನ ಕಡ್ಡಿ ಸರಿಯಿದ್ದರೆ ಅದರಲ್ಲಿ ಹೆಣೆಯಲಿಕ್ಕೂ ಅಡ್ಡಿಯಿಲ್ಲ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮನೆಯಲ್ಲಿ ಇಂಥ ಡಬ್ಬಿ ಇದ್ದರೆ, ಅದನ್ನು ಬಳಸಿದವರು ಅಥವಾ ಬಳಸುವುದನ್ನು ಕಂಡವರು ಇನ್ನೂ ಇದ್ದರೆ, ಈ ವಾರವೇ ಅವರ ಹತ್ತಿರ ಕೂತು ಕೇಳಿ. ಯಾರದ್ದು, ಯಾವ ಊರಿಂದ ಬಂತು, ಯಾರು ಕಲಿಸಿದರು, ಏನೆಲ್ಲ ಹೆಣೆದರು ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು, ಕೇಳಿದ ದಿನಾಂಕ ಹಾಕಿ, ಡಬ್ಬಿಯೊಳಗೆ ಇಡಿ. ಕಡ್ಡಿಯ ಲೋಹವನ್ನು ಐವತ್ತು ವರ್ಷ ಬಿಟ್ಟು ಪರೀಕ್ಷಿಸಿದರೂ ಆಗುತ್ತದೆ, ಹೇಳುವವರು ಅಷ್ಟು ಕಾಲ ಇರುವುದಿಲ್ಲ.